ಖಾರದ ವಾರ

ಹತಾಶೆಯನ್ನು ನಮ್ಮ ಕಾಕಾ ಅವರಷ್ಟು ನಿಷ್ಠೆಯಿಂದ ಆಚರಿಸಿದ ಗೃಹಸ್ಥರು ಪುಣೆಯಲ್ಲಿ ಇನ್ನೊಬ್ಬರಿಲ್ಲವೆಂದು ನಾನು ಧಾರಾಳವಾಗಿ ಘೋಷಿಸಬಲ್ಲೆ. ಬಸ್ಸು ತಡವಾದರೆ ಎಲ್ಲರೂ ಗೊಣಗುತ್ತಾರೆ. ವೇಳೆಗೆ ಸರಿಯಾಗಿ ಬಂದದ್ದಕ್ಕೆ ಗೊಣಗುವವರನ್ನು ಕಂಡಿದ್ದೀರಾ? ಹಡಪಸರದ ಕಾರಖಾನೆಯೊಂದರಲ್ಲಿ ಕಾರಕೂನರಾಗಿದ್ದ ಈ ನನ್ನ ಚಿಕ್ಕಪ್ಪ ಅಂಥ ಬಸ್ಸು ಹತ್ತಲು ಹಿಂಜರಿಯುತ್ತಿದ್ದರು. ಮುಂದೆ ಏನೋ ಕಾದಿದೆ ಎಂಬುದಕ್ಕೆ ಅವರಿಗೆ ಅದೇ ಸಾಕ್ಷಿ!

ಕಾದದ್ದು ತೊಂಬತ್ತರ ದಶಕದ ಒಂದು ಜೂನಿನಲ್ಲಿ ಮನೆಯೊಳಗಿಂದಲೇ ಬಂತು. ಕನ್ನಡ ಶಾಲೆಯಲ್ಲಿ ಓದಿದ ಒಬ್ಬಳೇ ಮಗಳು ಹತ್ತನೆಯದರಲ್ಲಿ ಒಳ್ಳೆಯ ಅಂಕ ಪಡೆದು (ಇದೇ ಮೊದಲ ಅಪಶಕುನ), ಕಾಮರ್ಸ್ ಬಿಟ್ಟು ಭೂಗೋಳ ಆರಿಸಿಕೊಂಡಳು. ಕಾಕಾ ಗಡ್ಡ ಬಿಟ್ಟರು. ಬಂಧುಗಳು ಬಂದು ಸಂತಾಪದ ಧಾಟಿಯಲ್ಲಿ ಚಹಾ ಕುಡಿದು ಹೋದರು.

"ಭೂಮಿ ಎಲ್ಲಾ ಯಾವಾಗೋ ಸಿಕ್ಕಾಗ್ಯದ. ಇನ್ನೇನ್ ಹುಡುಕಾಕಿ ನೀ?"

"ಹಡಪಸರದ ಆಚಿಗೆ ಏನದ ಅಂತ ನೋಡ್ತೀನಪ್ಪಾ."

"ಸೋಲಾಪುರದ ರಸ್ತಾ ಅದ. ವಿಜಾಪುರದಿಂದ ನಾ ಬಂದಿದ್ದೇ ಆ ದಾರೀಲೆ. ಅಲ್ಲೇನೂ ಇಲ್ಲ."

ಕೊನೆಗೆ ಒಪ್ಪಂದವಾಯಿತು: ದೀಪಾವಳಿಯೊಳಗೆ ಕಾಕಾಗೆ ಸಮಾಧಾನವಾಗದಿದ್ದರೆ ಅವಳು ಕಾಮರ್ಸಿಗೆ ಹೋಗತಕ್ಕದ್ದು. ಕಾಕಾಗೆ ಸಮಾಧಾನ! ಹುಡುಗಿಯ ಮುಖ ಅಲ್ಲೇ ಬಾಡಿತು.

ಕಾಲೇಜಿನ ಪುಸ್ತಕಗಳು ಮರಾಠಿಯಲ್ಲಿದ್ದವು. ಹೊರಗೆ ಕಾಕಾರ ಮರಾಠಿ ಸೊಗಸೇ. ಆದರೆ ಚಪ್ಪಲಿಯ ಜೊತೆ ಅದನ್ನೂ ಹೊಸ್ತಿಲಾಚೆ ಬಿಟ್ಟು ಬರುವುದು ಅವರ ಪದ್ಧತಿ. ಒಳಗೆ ಬಂದರೆ ಕಿವಿ ಕನ್ನಡದ್ದೇ. ಹೀಗಾಗಿ ಮಗಳು ದಿನವೂ "ಖಾರೇ ವಾರೇ, ಖಾರೇ ವಾರೇ" ಎಂದು ಬಾಯಿಪಾಠ ಮಾಡುವುದು ಅವರಿಗೆ ಖಾರದ ವಾರವೆಂದೇ ಕೇಳಿಸಿತು. ಅಷ್ಟರಲ್ಲೇ ಅವಳು ಭೋರ್ ಎಂಬ ಊರಿನಾಚೆಯ ಘಾಟಿಗೆ ಕಾಲೇಜಿನವರ ಜೊತೆ ಅಭ್ಯಾಸ ಪ್ರವಾಸ ಹೊರಟಳು. ವಿಷಯ ಸ್ಪಷ್ಟವಾಯಿತಲ್ಲ! ಪಾಠದ ಹೆಸರಿನಲ್ಲಿ ಮಕ್ಕಳಿಗೆ ವಾರವಿಡೀ ಖಾರ ತಿನ್ನಿಸುತ್ತಾರೆ!

"ನಮ್ಮ ಮನೆತನದ್ದು ಹೊಟ್ಟಿ ನಾಜೂಕು, ತಮ್ಮಾ" ಎಂದು ಮರುದಿನ ನನ್ನನ್ನೂ ಬಸ್ಸಿಗೆ ಹತ್ತಿಸಿದರು. ಅವರ ತೊಡೆಯ ಮೇಲೆ ದೊಡ್ಡ ಡಬ್ಬಿಯ ತುಂಬ ಮೊಸರನ್ನ.

ಭೋರ್ ಸ್ಟ್ಯಾಂಡಿನ ಪಕ್ಕದ ಖಾನಾವಳಿಯಲ್ಲಿ, ಆ ಊರಲ್ಲೇ ತಂಗಿದ್ದ ಕಾಲೇಜಿನ ಹುಡುಗರೆಲ್ಲ ಊಟಕ್ಕೆ ಕೂತಿದ್ದರು. ಮೊಸರನ್ನದ ಕಾರಣ ಕೇಳಿ ಪ್ರೊಫೆಸರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಅಪ್ಪಾ, ಖಾರೇ ಅಂದ್ರ ಉಪ್ಪು. ವಾರೇ ಅಂದ್ರ ಗಾಳಿ. ಸಮುದ್ರದ ಗಾಳಿ" ಎಂದಳು ಮಗಳು, ನೆಲ ನೋಡುತ್ತ.

"ಇರಲಿ. ಉಪ್ಪೂ ಹಾಕೇ ತಂದೀನಿ."

ಪ್ರೊಫೆಸರು ನಮ್ಮಿಬ್ಬರನ್ನೂ ತಮ್ಮ ಗಾಡಿಯಲ್ಲೇ ಕೂರಿಸಿಕೊಂಡರು. ದಾರಿಯುದ್ದಕ್ಕೂ ಕಾಕಾ ಪಕ್ಕದಲ್ಲಿ ಕೂತ ಮಗಳಿಗೆ ಕಾಮರ್ಸಿನ ಮಹಿಮೆಯನ್ನು ಪಿಸುಗುಟ್ಟುತ್ತಲೇ ಇದ್ದರು. ಮಗಳು ಅಳುವುದೊಂದು ಬಾಕಿ.

ಘಾಟಿನ ತುದಿಯಲ್ಲಿ ಪ್ರೊಫೆಸರು ಅವಳನ್ನೇ ಮುಂದೆ ನಿಲ್ಲಿಸಿ ವಿವರಿಸಲು ಹೇಳಿದರು. ಕೆಳಗಿನ ಕೊಂಕಣದಿಂದ ಮೋಡ ಏರಿ ಬರುತ್ತಿತ್ತು. ಅವಳು ಮರಾಠಿಯಲ್ಲಿ, ಒಮ್ಮೆಯೂ ತಡವರಿಸದೆ ಹೇಳಿದಳು: ಸಮುದ್ರದ ಗಾಳಿ ಈ ಗುಡ್ಡ ಹತ್ತುವಾಗ ಮಳೆಯನ್ನೆಲ್ಲ ಈ ಮಗ್ಗುಲಿಗೇ ಸುರಿದುಬಿಡುತ್ತದೆ. ಆಚೆ ಇಳಿಯುವಾಗ ಅದರ ಬಳಿ ಹೆಚ್ಚೇನೂ ಉಳಿದಿರುವುದಿಲ್ಲ. ಸೋಲಾಪುರ, ವಿಜಾಪುರದ ಸೀಮೆಗೆ ಮಳೆ ಕಡಿಮೆ, ಅದಕ್ಕೇ.

ಕಾಕಾ ಡಬ್ಬಿಯನ್ನು ಕೆಳಗಿಟ್ಟರು.

"ಹಿಂಗ ಯಾವಾಗಿಂದ ನಡದದ?"

"ಮನಷ್ಯಾರು ಹುಟ್ಟೂಕಿಂತ ಮೊದಲಿಂದ, ಅಪ್ಪಾ."

ಅವರು ಮೋಡದತ್ತ ತಿರುಗಿದರು. "ನಮ್ಮವ್ವ ಮದುವ್ಯಾಗಿ ಬಂದ ವರ್ಷ ಮಳಿ ಆಗಲಿಲ್ಲಂತ. ಈಕೀ ಕಾಲ್ಗುಣ ಅಂದ್ರು. ಸಾಯೂತನಕಾ ಅಂದ್ರು. ಕಡೀಕೆ ಆಕೀನೂ ಹೌದು ಅಂತಿದ್ಲು."

ಮಗಳು ಬಂದು ಅವರ ತೋಳು ಹಿಡಿದಳು. "ಅಜ್ಜೀದಲ್ಲಪ್ಪಾ. ಗುಡ್ಡದ್ದು."

"ಹಂಗಾರ ಇದನ್ನ ನೀ ಪೂರಾ ಓದು" ಎಂದರು ಕಾಕಾ. "ಈಗ ಇನ್ನೊಮ್ಮೆ ಹೇಳವ್ವಾ. ಕನ್ನಡದಾಗ ಹೇಳು."