ನಾಯಿ ನೋಡಿ ಹೆಣ್ಣು ಕೊಟ್ಟ ಮಾವ

ನನ್ನ ಸೋದರಮಾವ ಆಯುಷ್ಯದಲ್ಲಿ ಯಾರ ಮನೆಗೂ ನೆಟ್ಟಗೆ ನಡೆದು ಹೋದವರಲ್ಲ! ಬೀದಿ ಬಾಗಿಲು ಕಂಡೊಡನೆ ನಿಂತುಬಿಡುವರು. ಆಮೇಲೆ ಮೈ ಓರೆ ಮಾಡಿ, ಬೇಲಿ ನೋಡುತ್ತಾ, ಏಡಿಯಂತೆ ಅಡ್ಡಡ್ಡ ಸರಿಯುವರು. ಹೊಸಬರು ಕಂಡರೆ ಕೋಳಿ ಕದಿಯಲು ಬಂದವರೆಂದೇ ತಿಳಿಯಬೇಕು. ಪಾಪ, ಮಾವ ನೋಡುತ್ತಿದ್ದುದು ಆ ಮನೆಯ ನಾಯಿಯನ್ನು.

ತೊಂಬತ್ತರ ದಶಕದಲ್ಲಿ ಅವರದು ತೆಂಗಿನಕಾಯಿ ವ್ಯಾಪಾರ. ಪಾಂಡವಪುರದಿಂದ ಸೈಕಲ್ಲು ಹತ್ತಿ ತೊಣ್ಣೂರು, ಬೆಳಗೊಳ ಎಂದು ತೋಟ ತೋಟ ತಿರುಗಬೇಕು, ತೋಟಕ್ಕೊಂದು ನಾಯಿ. "ಬೊಗಳೋ ನಾಯಿ ಕಚ್ಚಾಕಿಲ್ಲ ಅಂತ ಗಾದೆ ಕಟ್ದೋನ್ನ ಕರ್ಕಂಬನ್ನಿ, ನನ್ ಮೀನಖಂಡ ತೋರುಸ್ತೀನಿ!" ಎಂದು ಪಂಚೆ ಎತ್ತುವರು. ಎಡಗಾಲಿನ ಹಿಂದೆ ಹಳೆಯ ಗಾಯದ ಗುರುತು.

ನಮ್ಮ ಜಗಲಿಯಲ್ಲಿ ನಾನು ಅವರೆಕಾಯಿ ಸುಲಿಯುತ್ತಿದ್ದರೆ ಪಾಠ ಶುರು.

"ಬಾಲ ಆಡುಸ್ತು ಅಂತ ಮುಂದುಕ್ಕೋಗ್ಬ್ಯಾಡ ಕಣವ್ವ. ಸೊಂಟ ಸಮೇತ ಆಡುಸುದ್ರೆ ನೆಂಟ. ಬಾಲ ಮ್ಯಾಲೆತ್ಕೊಂಡು, ಮೈ ಕಂಬದಂಗೆ ಬಿಗಿ ಹಿಡ್ದು, ತುದಿ ಮಾತ್ರ ಆಡುಸುದ್ರೆ ಹುಷಾರು! ಬೊಗಳ್ತಿದ್ದದ್ದು ತಟ್ಟಂತ ಬಾಯಿ ಮುಚ್ಕೊಂಡು ದುರುಗುಟ್ಕೊಂಡ್ ನೋಡುದ್ರೆ, ಮಾತುಕತೆ ಮುಗೀತು ಅಂತ."

"ಆಗ ಓಡ್ಬೇಕಾ ಮಾವ?"

"ಓಡುದ್ರೆ ಅದುಕ್ಕೆ ಹಬ್ಬ! ಕಣ್ಣಿಗೆ ಕಣ್ಣು ಕೊಡ್ಬ್ಯಾಡ. ಓರೆ ನಿಂತ್ಕೊ, ಮೆತ್ತಗೆ ಸರ್ಕೊ. ಇನ್ನೊಂದೈತೆ. ಕೆಲವು ಮಕ ತಿರುಗುಸ್ಕೊಂಡು ತುಟಿ ನೆಕ್ತವೆ, ನಿದ್ದೆ ಇಲ್ದಿದ್ರೂ ಆಕಳುಸ್ತವೆ. ಒಳಗೆ ಏನೋ ಸಂಕಟ ಅವುಕ್ಕೆ. ಎದುರ್ಗೋಗಿ ತಲೆ ಸವರ್ಬ್ಯಾಡ. ಪಕ್ಕುಕ್ಕೋಗಿ ಸುಮ್ಕೆ ಕುಂತ್ಕೊ, ಅದೇ ಬತ್ತದೆ."

ಒಳಗಿನಿಂದ ಅಮ್ಮ, "ಮದ್ವೆ ವಯಸ್ಸಿನ ಹುಡ್ಗೀಗೆ ಹೇಳ್ಕೊಡೋ ವಿದ್ಯೆ ನೋಡು!" ಎಂದು ಒಗ್ಗರಣೆ ಹಾಕುವಳು.

ಆ ಮದುವೆಗೇ ನಾಯಿ ಅಡ್ಡ ಬಂತಲ್ಲ! ನಾಗಮಂಗಲದ ಕಡೆಯ ಗಂಡು. ಜಾತಕ ಕೂಡಿತ್ತು, ಅಪ್ಪ ಮನಸ್ಸಿನಲ್ಲೇ ಚಪ್ಪರ ಹಾಕಿಬಿಟ್ಟಿದ್ದರು. ಉಳಿದಿದ್ದುದು ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡುವ ಶಾಸ್ತ್ರ. ನಮ್ಮಲ್ಲಿ ಒಪ್ಪಿಗೆಯಾಗುವ ತನಕ ಆ ಮನೆಯ ಅನ್ನ ಮುಟ್ಟುವಂತಿಲ್ಲ, ಉಂಡರೆ ಒಪ್ಪಿದಂತೆ. ಅಪ್ಪ ತೋಟ, ಪಂಪ್‌ಸೆಟ್ಟು, ಟೀವಿ ನೋಡಿ ತಲೆದೂಗಿದರು. ಮಾವ ಅಂಗಳದಲ್ಲೇ ನಿಂತು ನಾಯಿ ನೋಡಿದರು. ಗಂಡು ಹೊರಬಂದು ಕ್ರಾಪು ಸರಿಮಾಡಿಕೊಳ್ಳಲು ಕೈ ಎತ್ತಿದನಂತೆ. ಅಷ್ಟೇ! ನಾಯಿ ಕಿವಿ ಮಲಗಿಸಿ, ಬಾಲವನ್ನು ಹೊಟ್ಟೆಗೆ ಸಿಕ್ಕಿಸಿಕೊಂಡು, ಹಲ್ಲು ಬಿಟ್ಟು ನೆಲಕ್ಕೆ ಅಂಟಿತಂತೆ. ಅಪ್ಪ ಎಲೆಯ ಮುಂದೆ ಕೂರುವಷ್ಟರಲ್ಲಿ ಮಾವ ಬಸ್‌ಸ್ಟ್ಯಾಂಡ್ ಸೇರಿದ್ದರು. ಹೆಣ್ಣಿನ ಸೋದರಮಾವನೇ ಹೊರಟು ಹೋದ ಮೇಲೆ ಊಟವೆಲ್ಲಿ?

ಮನೆಗೆ ಬಂದು ಅಪ್ಪ ಕೂಗಾಡಿದರು. "ನಾಯಿ ನೋಡಿ ಸಂಬಂಧ ಬುಡ್ತಾರೇನಯ್ಯಾ? ನಾವ್ ಹೆಣ್ ಕೊಡದು ನಾಯಿಗಾ?"

"ಕೈ ಎತ್ತುದ್ರೆ ನಾಯಿ ಅಂಗೆ ಮುದುರ್ಕತದೆ ಅಂದ್ರೆ, ಆ ಕೈ ದಿನಾ ಏನ್ ಮಾಡ್ತದೆ ಬಾವ? ನಮ್ ಮಗೀನೂ ಅದೇ ಹಟ್ಟೀಲಿ ಬದುಕ್ಬೇಕಲ್ವಾ?"

ಅಪ್ಪ ಮಾವನೊಡನೆ ಮಾತು ಬಿಟ್ಟರು. ನೀರಿಗೆ ಹೋದಲ್ಲೆಲ್ಲ ನನಗೆ 'ನಾಯಿ ಒಪ್ಪದ ಹುಡುಗಿ' ಎಂಬ ಬಿರುದು. ಈಗ ಬರೆಯುವಾಗ ನಗು ಬರುತ್ತದೆ; ಆಗ ಕೊಟ್ಟಿಗೆಯಲ್ಲಿ ಎಮ್ಮೆಯ ಮರೆಯಲ್ಲಿ ನಿಂತು ಅತ್ತಿದ್ದೇನೆ. ಇನ್ನು ಯಾರು ಕೇಳಿಕೊಂಡು ಬರುತ್ತಾರೆ?

ಬಂದರು. ಮುಂದಿನ ಅವರೆಕಾಯಿ ಕಾಲಕ್ಕೆ ಕೆ.ಆರ್. ಪೇಟೆಯಿಂದ. ಸೋದರಮಾವನಿಲ್ಲದೆ ಶಾಸ್ತ್ರವಿಲ್ಲ, ಹಾಗಾಗಿ ಮಾತಿಲ್ಲದ ಬಾವ ಮೈದ ಒಂದೇ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಹೋದರು. ಅಲ್ಲಿಯೂ ಒಂದು ನಾಯಿ, ಕರಿಯದು. ಬಾಲ ಮೇಲೆ, ಮೈ ಬಿಗಿ, ತುದಿ ಮಾತ್ರ ಅಲ್ಲಾಡುತ್ತಿದೆ. ಮಾವ ನಿಂತರು. ಅಪ್ಪನಿಗೆ ರೇಗಿತು. "ಬಾಲ ಆಡುಸ್ತಾ ಐತೆ, ಕಾಣಾಕಿಲ್ವಾ?" ಎಂದು ನೆಟ್ಟಗೆ ನುಗ್ಗಿದರು. ನಾಯಿ ಹಾರಿತು. ಮಾವ ಅಡ್ಡ ಬಂದರು. ಉಳಿದಿದ್ದ ಇನ್ನೊಂದು ಮೀನಖಂಡಕ್ಕೂ ಗುರುತು ಬಿತ್ತು!

"ದೊಣ್ಣೆ ತತ್ತಾರ್ಲಾ!" ಎಂದು ಮನೆಯವರೆಲ್ಲ ಕೂಗಿದರೆ, ಗಂಡು ದೊಣ್ಣೆ ಮುಟ್ಟಲಿಲ್ಲವಂತೆ. ಓರೆಯಾಗಿ ಕುಕ್ಕರುಗಾಲಲ್ಲಿ ಕುಳಿತು ಮೆಲ್ಲಗೆ ಕರೆದನಂತೆ. ನಾಯಿ ಹೋಗಿ ಅವನ ಮಂಡಿಗೆ ಮೂತಿ ಇಟ್ಟಿತಂತೆ. ಅದನ್ನು ಕಟ್ಟಿಹಾಕಿ, ನಲ್ಲಿಯ ಕೆಳಗೆ ಮಾವನ ಕಾಲನ್ನು ಸೋಪು ಹಚ್ಚಿ ತೊಳೆದು, "ಬನ್ನಿ, ಆಸ್ಪತ್ರೆಗೋಗಿ ಸೂಜಿ ಆಕುಸ್ಕೊಂಡ್ ಬರೋಣ" ಎಂದು ಸ್ಕೂಟರ್ ಹೊರಡಿಸಿದರೆ, ಮಾವ ಕುಂಟುತ್ತಾ ಒಳಗೆ ನಡೆದರು.

"ಸೂಜಿ ಆಮೇಲೆ. ಮೊದ್ಲು ಎಲೆ ಹಾಕ್ರವ್ವ, ಒಂದ್ ತುತ್ತು ಉಣ್ತೀನಿ!"

ಅಪ್ಪ ಬಾಯಿ ಬಿಟ್ಟುಕೊಂಡು ನಿಂತಿದ್ದವರು, ತಾವೂ ಪಕ್ಕದ ಎಲೆಗೆ ಕೂತರಂತೆ.

ಮದುವೆಯಾಯಿತು. ಸಂಜೆ ನನ್ನನ್ನು ಕಳಿಸಿಕೊಡುವ ಹೊತ್ತು. ಅಮ್ಮ ಅಳುತ್ತಿದ್ದಳು, ಅಪ್ಪನೂ ಅಳುತ್ತಿದ್ದರು. ಮಾವ ಮಾತ್ರ ದೂರದಲ್ಲಿ, ಚಪ್ಪರದ ಕಂಬದ ಬುಡದಲ್ಲಿ, ಮಡಿಸಿಟ್ಟ ಜಮಖಾನದ ಮೇಲೆ ಕೂತಿದ್ದರು. ಮುಖ ಆಚೆ ತಿರುಗಿತ್ತು. ನಾಲಿಗೆಯಿಂದ ತುಟಿ ಸವರಿಕೊಂಡರು. ಆಮೇಲೆ ದವಡೆ ಕಳಚಿ ಬೀಳುವಂತೆ ಆಕಳಿಸಿದರು.

"ನೋಡ್ರಲಾ, ಮಗೀನ ಕಳ್ಸೋ ಹೊತ್ನಲ್ಲಿ ನಿದ್ದೆ ಬತ್ತಾ ಐತೆ ಇವನಿಗೆ!" ಎಂದರು ಯಾರೋ. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ನಾನು ಎದುರಿನಿಂದ ಹೋಗಲಿಲ್ಲ. ಸೆರಗು ಹಿಡಿದುಕೊಂಡು, ಕಣ್ಣಿಗೆ ಕಣ್ಣು ಕೊಡದೆ, ಓರೆಯಾಗಿ ಸರಿದು, ಜಮಖಾನದ ಒಂದು ಅಂಚಿನಲ್ಲಿ ಸುಮ್ಮನೆ ಕುಳಿತೆ.

ಸ್ವಲ್ಪ ಹೊತ್ತಿಗೆ ಮಾವನ ತಲೆ ತಾನಾಗಿಯೇ ನನ್ನ ಭುಜಕ್ಕೆ ಬಂತು.