ಮಲಗಿ ಏಳಬೇಕಾದ ನಿಘಂಟು

ಇಡೀ ಹುಬ್ಬಳ್ಳಿ-ಧಾರವಾಡದಲ್ಲಿ ನಿದ್ದೆಯನ್ನು ಕಂಪ್ಯೂಟರ್ ವಿದ್ಯೆಯ ಒಂದು ಭಾಗವೆಂದು ನಂಬಿರುವ ಏಕೈಕ ಮನುಷ್ಯ ನಮ್ಮ ಕಾಕಾ! ನಗಬೇಡಿ. ಅವರ ಬಳಿ ಅದಕ್ಕೆ ಪುರಾವೆ ಇದೆ.

ಕಾಕಾ ನವನಗರದ ಒಂದು ಕಾಲೇಜಿನಲ್ಲಿ ವೈಫೈ ನೋಡಿಕೊಳ್ಳುತ್ತಾರೆ. ನಾನು ಅಲ್ಲಿಯೇ ಪಾಠ ಮಾಡುತ್ತೇನೆ, ಬೈರಿದೇವರಕೊಪ್ಪದ ಅವರ ಮನೆಯಲ್ಲಿಯೇ ಇರುತ್ತೇನೆ. ಹಾಗಾಗಿ ಎರಡೂ ಕಡೆ ಅವರಿಂದ ನನಗೆ ಬಿಡುಗಡೆ ಇಲ್ಲ.

ಕಾಲೇಜಿನ ವೈಫೈಗೆ ಯಾರನ್ನು ಒಳಗೆ ಬಿಡಬೇಕು ಎಂದು ತೀರ್ಮಾನಿಸುವ ಸರ್ವರ್ ಒಂದಿದೆ. ಗೋಡೆಗಳ ಮೇಲಿನ ವೈಫೈ ಡಬ್ಬಿಗಳು ಅದಕ್ಕೆ ಸುದ್ದಿ ಮುಟ್ಟಿಸುತ್ತವೆ. ತೊಂದರೆ ಏನೆಂದರೆ, ಒಂದೊಂದು ಕಂಪನಿಯ ಡಬ್ಬಿಗೂ ತನ್ನದೇ ಆದ ಕೆಲವು ಮಾತುಗಳಿರುತ್ತವೆ. ಅವುಗಳ ಅರ್ಥ ಬರೆದಿಟ್ಟ ಫೈಲಿಗೆ ನಿಘಂಟು ಎಂದೇ ಹೆಸರು. ಅದರಲ್ಲಿ ಇಲ್ಲದ ಮಾತು ಬಂದರೆ ಸರ್ವರಿಗೆ ಬರೀ ಅಂಕಿಗಳು ಕಾಣುತ್ತವೆ.

ಒಮ್ಮೆ ಗ್ರಂಥಾಲಯಕ್ಕೆ ಹೊಸ ಕಂಪನಿಯ ಡಬ್ಬಿಗಳು ಬಂದವು. ಒಬ್ಬರಿಗೂ ವೈಫೈ ಸಿಗಲಿಲ್ಲ. ಪ್ರಿನ್ಸಿಪಾಲರು ಓಡಿ ಬಂದರು.

"ಡಬ್ಬಿ ಕೆಟ್ಟಾವ. ವಾಪಸ್ ಕಳಸ್ರಿ."

"ಡಬ್ಬಿ ಸರಿಯಾಗೇ ಮಾತಾಡಾಕತ್ತಾವ್ರಿ ಸರ್," ಎಂದರು ಕಾಕಾ. "ನಮ್ಮ ನಿಘಂಟು ಹಳೇದು."

ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತರು. ಡಬ್ಬಿ ಏನೇನು ಹೇಳುತ್ತಿದೆ ಎಂದು ಪರದೆಯ ಮೇಲೆ ನೋಡಿ, ಕಂಪನಿಯವರು ಕೊಟ್ಟ ವಿವರದೊಂದಿಗೆ ತಾಳೆ ಹಾಕಿ, ಒಂದೊಂದೇ ಮಾತನ್ನು ನಿಘಂಟಿಗೆ ಸೇರಿಸಿದರು. ಆದರೂ ವೈಫೈ ಬರಲಿಲ್ಲ!

"ಈಗೇನ್ರಿ?"

"ಈಗ ಸರ್ವರ್ ಒಮ್ಮೆ ಮಲಗಿ ಏಳಬೇಕ್ರಿ. ಎದ್ದ ಕೂಡಲೇ ಅಷ್ಟs ಅದು ನಿಘಂಟು ಓದತೈತಿ."

ಸರ್ವರನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರು. ವೈಫೈ ಬಂತು. ಇದೇ ಆ ಪುರಾವೆ! ಅಂದಿನಿಂದ ಯಾರಿಗೆ ಏನು ತಿಳಿಯದಿದ್ದರೂ ಕಾಕಾ ಕೊಡುವ ಉತ್ತರ ಒಂದೇ, "ಒಮ್ಮೆ ಮಲಗಿ ಏಳ್ರಿ." ಇನ್ನಷ್ಟು ಡಬ್ಬಿ ಏಕೆ ಬೇಕೆಂದು ಕೇಳಿದ ಪ್ರಿನ್ಸಿಪಾಲರಿಗೂ ತುಂಬಿದ ಸಭೆಯಲ್ಲಿ ಹಾಗೆಯೇ ಹೇಳಿಬಿಟ್ಟರು. ಪ್ರಿನ್ಸಿಪಾಲರು ಸಿಟ್ಟಾಗಿ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಲಗಿದರೋ ಇಲ್ಲವೋ ನನಗೆ ಗೊತ್ತಿಲ್ಲ, ಸಂಜೆ ಹೊತ್ತಿಗೆ ಮಾತ್ರ ಡಬ್ಬಿಗಳಿಗೆ ಒಪ್ಪಿಗೆ ಸಿಕ್ಕಿತ್ತು.

ಈ ಸಿದ್ಧಾಂತ ನಡೆಯದಿದ್ದದ್ದು ಅವರ ಹೆಂಡತಿ, ನಮ್ಮ ಕಾಕುವಿನ ಮುಂದೆ ಮಾತ್ರ. "ನಿಮ್ಮ ಸರ್ವರ್ ಮಲಗಿ ಎದ್ದ ಮ್ಯಾಲೆ ಕೆಲಸ ಮಾಡತೈತಿ. ನೀವು ಮಲಗಿ ಎದ್ದ ಮ್ಯಾಲೆ ಚಹಾ ಕೇಳ್ತೀರಿ. ಇಷ್ಟs ಫರಕು ನೋಡ್ರಿ," ಎನ್ನುತ್ತಿದ್ದಳು. ಬೈಯುತ್ತಲೇ ತನ್ನ ಕಪ್ಪಿನ ಅರ್ಧ ಚಹಾವನ್ನು ಕೆಳಗಿನ ತಟ್ಟೆಗೆ, ಅಂದರೆ ಬಶಿಗೆ, ಸುರಿದು ಅವರ ಕಡೆ ತಳ್ಳುತ್ತಿದ್ದಳು. ಕಪ್ಪು ಅವಳಿಗೆ, ಬಶಿ ಅವರಿಗೆ. ಬೇರೆ ಕಪ್ಪಿನಲ್ಲಿ ಕೊಟ್ಟರೆ ಕಾಕಾನಿಗೆ ಚಹಾ ರುಚಿಸುತ್ತಲೇ ಇರಲಿಲ್ಲ.

ಈ ಬೇಸಿಗೆಯಲ್ಲಿ ಕಾಕುಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಒಡೆಯಬಾರದೆಂದು ನಾವು ಸ್ಟೀಲ್ ಲೋಟದಲ್ಲಿ ಚಹಾ ಕೊಡತೊಡಗಿದೆವು. ಕೊಟ್ಟಾಗಲೆಲ್ಲ ಅವಳು ಎಡಗೈಯಿಂದ ಲೋಟ ಓರೆ ಮಾಡಿ ಹಾಸಿಗೆಯ ಮೇಲೆ ಸುರಿಯುವಳು. ನಾವು ತಡೆದರೆ ಅಳುವಳು.

"ತಿಳಿವಳಿಕಿ ಹೋಗೇತಿ ಬಿಡವಾ," ಎಂದರು ನೋಡಲು ಬಂದ ನೆಂಟರು. ನನಗೂ ಅದೇ ಹೆದರಿಕೆ ಇತ್ತು. ನಮ್ಮ ಕಾಕು ಇನ್ನೂ ಒಳಗೆ ಇದ್ದಾಳೋ ಇಲ್ಲವೋ?

"ಆಕಿ ಸರಿಯಾಗೇ ಹೇಳಾಕತ್ತಾಳ," ಎಂದರು ಕಾಕಾ. "ನಮ್ಮ ನಿಘಂಟು ಹಳೇದು."

ಯಾರೂ ನಗಲಿಲ್ಲ. ಅವರು ಕುರ್ಚಿ ಎಳೆದುಕೊಂಡು ಅವಳ ಮುಂದೆ ಕುಳಿತರು, ಅವತ್ತು ಡಬ್ಬಿಯ ಮುಂದೆ ಕುಳಿತ ಹಾಗೆ. ನೋಡುತ್ತಾ ನೋಡುತ್ತಾ ಕುಳಿತಲ್ಲೇ ನಿದ್ದೆ ಹೋದರು. ಎದ್ದವರೇ ನೇರ ಅಡುಗೆಮನೆಗೆ ಹೋಗಿ ಹಳೆಯ ಕಪ್ಪು-ಬಶಿ ತಂದು ಅವಳ ಮುಂದಿಟ್ಟರು. ನಾನು ಚಹಾ ಹಾಕಿದೆ.

ಕಾಕು ಎಡಗೈಯಿಂದ ಕಪ್ಪು ಓರೆ ಮಾಡಿದಳು. ಅರ್ಧ ಚಹಾ ಬಶಿಗೆ ಬಿತ್ತು. ಬಶಿಯನ್ನು ಕಾಕಾನ ಕಡೆ ತಳ್ಳಿ, ಉಳಿದದ್ದನ್ನು ತಾನೇ ಎತ್ತಿ ಕುಡಿದಳು.

ಕಾಕಾ ಬಶಿ ಹಿಡಿದುಕೊಂಡರು, ಕುಡಿಯಲು ಆಗಲಿಲ್ಲ. ಕಣ್ಣುಗಳು ತುಂಬಿಬಿಟ್ಟಿದ್ದವು. ಕಾಕು ಅವರ ಮೊಣಕಾಲಿಗೆ ಒಂದು ಏಟು ಹಾಕಿದಳು. ಚಹಾ ಆರಾಕತ್ತೈತಿ, ಕುಡೀರಿ ಎಂದು ಅವಳು ಹೇಳಿದ್ದು ನನಗೂ ತಿಳಿಯಿತು, ಮಲಗಿ ಏಳದೆಯೇ.