ಪ್ಲಾಟಿನಂ ಸಂದಿಯಲ್ಲಿ ನಡುಗಲೊಲ್ಲದ ಹೈಡ್ರೋಜನ್ ಅಣುವಿಗೆ

ಅತಿಸೂಕ್ಷ್ಮರೂ ಅತಿಗಂಭೀರರೂ ಆದ ಹೈಡ್ರೋಜನ್ ಅಣು ಮಾನ್ಯರೇ,

ಲೈಡನ್ನಿನ ಒಂದು ನೆಲಮಾಳಿಗೆ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಸಂಶೋಧನೆಯ ಹೆಸರಿನಲ್ಲಿ ಐದು ವರ್ಷಗಳಿಂದ ತಮ್ಮ ದಾರಿ ಕಾಯುತ್ತಿರುವ ಸೀಟ್ಸ್ಕೆ ಬಾಕೆಮಾಳ ವಿನಯಪೂರ್ವಕ ನಮಸ್ಕಾರಗಳು.

ಸಣ್ಣ ಪ್ಲಾಟಿನಂ ತಂತಿಯೊಂದನ್ನು ಮುರಿದು, ಎರಡು ತುದಿಗಳ ನಡುವಿನ ಸಂದಿಯನ್ನೇ ತಮಗೆ ಆಸನವಾಗಿ ಒಪ್ಪಿಸಿ, ತಮಗೆ ಸೆಕೆಯಾಗದಿರಲೆಂದು ದ್ರವ ಹೀಲಿಯಂನಿಂದ ತಣ್ಣಗಿಟ್ಟಿದ್ದೆ. ಸಂದಿಯನ್ನು ನುಸುಳಿ ದಾಟುವ ಎಲೆಕ್ಟ್ರಾನುಗಳಲ್ಲಿ ಕೆಲವಾದರೂ ತಮ್ಮನ್ನು ತಟ್ಟಿ ನಡುಗಿಸಬೇಕು, ಆಗ ವೋಲ್ಟೇಜ್ ಏರಿಸುತ್ತ ಹೋದಂತೆ ಪರದೆಯ ಮೇಲಿನ ವಿದ್ಯುತ್ತಿನ ಗೆರೆ ಅರವತ್ತು ಮಿಲಿವೋಲ್ಟಿನ ಬಳಿ ಸಣ್ಣದೊಂದು ಮೆಟ್ಟಿಲು ತೋರಿಸಬೇಕು. ನಾನು ಕೇಳಿದ್ದು ಅಷ್ಟೇ. "ಇನ್ನೂ ಅಲ್ಲಾಡ್ಲಿಲ್ವೇನೇ ಅದು?" ಎಂದು ಅಮ್ಮ ಪ್ರತಿ ಭಾನುವಾರ ಫೋನಿನಲ್ಲಿ ತಮ್ಮ ಕ್ಷೇಮ ವಿಚಾರಿಸುತ್ತಿದ್ದಳು.

ಜನವರಿಯ ಒಂದು ಬೆಳಿಗ್ಗೆ ತಾವು ನಡುಗುವ ಕೃಪೆ ಮಾಡಿದಿರಿ. ಓಡಿಹೋಗಿ ನಮ್ಮ ಪ್ರಾಧ್ಯಾಪಕ ಟೆರ್ಪ್‌ಸ್ಟ್ರಾ ಅವರನ್ನು ಕರೆತಂದೆ. ಅವರು ಬಾಗಿಲನ್ನು ದಢಾರನೆ ಮುಚ್ಚಿದರು, ಆ ಅದುರಿಗೆ ತಾವು ಸಂದಿಯಿಂದ ಹೊರಟೇ ಹೋದಿರಿ. ಪರದೆಯ ಮೇಲೆ ಉಳಿದಿದ್ದ ಗೆರೆಯನ್ನು ನೋಡಿ ಅವರು, "ಇದು ಹೈಡ್ರೋಜನ್ ಅಲ್ಲಮ್ಮ, ತಂತಿ ಮೇಲಿನ ಕೊಳೆ. ನಿನ್ನ ಅವಧಿ ಏಪ್ರಿಲ್‌ಗೆ ಮುಗಿಯುತ್ತೆ ಅಲ್ವಾ?" ಎಂದರು. ಕೊಳೆ ಎನಿಸಿಕೊಂಡೂ ತುಟಿ ಬಿಚ್ಚದ ತಮ್ಮ ಸಹನೆಯನ್ನು ಎಷ್ಟು ಹೊಗಳಿದರೂ ಸಾಲದು. ನನಗೆ ಅಷ್ಟು ಸಹನೆ ಇರಲಿಲ್ಲ. ಶೌಚಾಲಯದಲ್ಲಿ ಹತ್ತು ನಿಮಿಷ ಅತ್ತೆ.

ಆಮೇಲೆ ತಮ್ಮ ದಪ್ಪಗಿನ ಅಣ್ಣ ಡ್ಯೂಟೀರಿಯಂ ಅವರನ್ನು ಕರೆಸಿದೆ. ಅವರ ತೂಕ ತಮ್ಮ ಎರಡರಷ್ಟು, ಹಾಗಾಗಿ ನಡುಕವೂ ನಿಧಾನ. ಅಂದು ಸಂದಿಯಲ್ಲಿದ್ದದ್ದು ತಾವೇ ಆಗಿದ್ದರೆ ಅವರ ಮೆಟ್ಟಿಲು ನಲವತ್ತೆರಡರ ಬಳಿಗೆ ಇಳಿಯಬೇಕು, ಕೊಳೆಯಾಗಿದ್ದರೆ ಅರವತ್ತರಲ್ಲೇ ಇರಬೇಕು. ಈ ಸಲ ಪ್ರಾಧ್ಯಾಪಕರನ್ನು ಮೊದಲೇ ಕೂರಿಸಿ, ಅಲುಗಾಡಬೇಡಿ ಎಂದೆ. ಚೀಸ್ ಹಾಕಿದ ಬ್ರೆಡ್ಡನ್ನು ಕೈಯಲ್ಲೇ ಹಿಡಿದು ಅವರು ಉಸಿರು ಬಿಗಿಹಿಡಿದರು. ನಲವತ್ತು, ನಲವತ್ತೊಂದು. ಗೆರೆ ಮೆಟ್ಟಿಲೇರಿತು.

"ಇನ್ನೊಂದ್ಸಲ ಮಾಡು," ಎಂದರು. ಏಳು ಸಲ ಮಾಡಿದೆ, ಏಳು ಸಲವೂ ತಮ್ಮ ಅಣ್ಣ ಅಲ್ಲೇ ನಡುಗಿದರು. "ಪ್ರಬಂಧ ಬರೆಯೋಕೆ ಕೂತ್ಕೋ. ಮೊದಲು ಏನಾದ್ರೂ ತಿನ್ನು," ಎಂದು ಪ್ರಾಧ್ಯಾಪಕರು ಬ್ರೆಡ್ಡನ್ನು ನನ್ನ ಕೈಗಿಟ್ಟು ಹೋದರು.

ಆದಕಾರಣ ತಾವು ಇನ್ನು ಮುಂದೆ ಬರುವ ಮುನ್ನ ಲಿಖಿತವಾಗಿ ತಿಳಿಸಬೇಕೆಂದೂ, ಹಾಜರಿ ಪುಸ್ತಕದಲ್ಲಿ ಸಹಿ ಮಾಡಬೇಕೆಂದೂ, ಜೂನ್ ಹನ್ನೊಂದರಂದು ಪರೀಕ್ಷಕರು ನನ್ನನ್ನು ಪ್ರಶ್ನಿಸುವಾಗ ಮುಂದಿನ ಸಾಲಿನಲ್ಲಿ ಅಮ್ಮನ ಪಕ್ಕ ಕೂರಬೇಕೆಂದೂ ಪ್ರಾರ್ಥನೆ.

ನಡುಗಿದರೂ ನಡುಗದಿದ್ದರೂ ತಮ್ಮ ವಿಶ್ವಾಸಿ,
ಸೀಟ್ಸ್ಕೆ ಬಾಕೆಮಾ

ವಿ.ಸೂ.: ಪ್ರಾಧ್ಯಾಪಕರು ಈಗ ಸಿಕ್ಕವರಿಗೆಲ್ಲ, "ಹೈಡ್ರೋಜನ್ ಅಂತ ನಂಗೆ ಮೊದಲ ದಿನಾನೇ ಗೊತ್ತಿತ್ತು," ಎನ್ನುತ್ತಿದ್ದಾರೆ. ನನಗೆ ಅವರ ಶಿಫಾರಸು ಪತ್ರ ಬೇಕಾಗಿರುವುದರಿಂದ ನಾನು ತಲೆಯಾಡಿಸುತ್ತೇನೆ. ತಮಗೆ ಅಂಥ ತಾಪತ್ರಯವಿಲ್ಲ.